ನವಲಗುಂದದ ಜಮಖಾನ: ಅಚ್ಚಿಲ್ಲದ ಚಿತ್ತಾರ

ಮನೆಯ ಒಳಾಂಗಣಕ್ಕೆ ಬಳಸುವ ಚಿತ್ತಾರದ ಬಟ್ಟೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ನೇಯ್ದಾದ ಮೇಲೆ ಅಚ್ಚೊತ್ತಿದ್ದು ಒಂದು. ನೇಯುವಾಗಲೇ ಬಣ್ಣದ ನೂಲಿನಿಂದ ಚಿತ್ತಾರ ಕಟ್ಟಿದ್ದು ಇನ್ನೊಂದು. ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ಕಿಟಕಿಗೆ ತೂಗುವ ಕೈಅಚ್ಚಿನ ಲಿನನ್ ಪರದೆ ಮೊದಲ ಬಗೆಗೆ ಸೇರಿದ್ದು. (ಲಿನನ್ ನೂಲು ಬರುವುದು ಅಗಸೆ ಗಿಡದ ಕಾಂಡದ ನಾರಿನಿಂದ. ಧಾರವಾಡ ಸೀಮೆಯಲ್ಲಿ ಅಗಸೆ ಬೆಳೆಯುವುದು ಬೀಜಕ್ಕಾಗಿ. ಇಲ್ಲಿನವರಿಗೆ ಅದರ ಪರಿಚಯ ಅಗಸಿ ಹಿಂಡಿಯ ಮೂಲಕವೇ ಹೊರತು ಬಟ್ಟೆಯಿಂದಲ್ಲ.) ಎರಡನೆಯ ಬಗೆಗೆ ಉತ್ತಮ ನಿದರ್ಶನವೊಂದು ಹುಬ್ಬಳ್ಳಿಯಿಂದ ಸುಮಾರು 35 ಕಿ.ಮೀ. ದೂರದಲ್ಲೇ ಇದೆ. ಅದು ನವಲಗುಂದದ ಜಮಖಾನ.

ನವಲಗುಂದವೆಂದರೆ ರಾಜ್ಯದ ಓದುಗರಿಗೆ ಥಟ್ಟನೆ ನೆನಪಾಗುವುದು 1980ರ ಜುಲೈ ತಿಂಗಳ ರೈತ ಬಂಡಾಯ. ಜಮಖಾನದ ಇತಿಹಾಸ ಅದಕ್ಕಿಂತ ಬಹಳ ಹಳೆಯದು. ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದಲ್ಲಿದ್ದ ನೇಕಾರ ಕುಟುಂಬಗಳು ಯುದ್ಧದ ಗೊಂದಲದಿಂದ ಪಾರಾಗಲು ಇಲ್ಲಿಗೆ ಬಂದು ನೆಲೆಸಿದವೆಂಬುದು ಪ್ರತೀತಿ. ಆ ಕಸುಬು ಇಂದಿಗೂ ಮುಸ್ಲಿಂ ಕುಟುಂಬಗಳ ಮಹಿಳೆಯರ ಕೈಯಲ್ಲಿದೆ. ನೇಯುವವರು ಹೆಂಗಸರೇ ಎಂಬುದು ಇದರ ವೈಶಿಷ್ಟ್ಯ.

ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗಕ್ಕೆ ಹತ್ತಿಯ ಹಾಸುನೂಲನ್ನು ಬಿಗಿಯುತ್ತಾರೆ. ಅದರ ಮುಂದೆ ಕುಳಿತು ಬಣ್ಣದ ಹೊಕ್ಕುನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜದಾಕಾರದ ಕಬ್ಬಿಣದ ಉಪಕರಣದಿಂದ ಬಡಿದು ಒತ್ತಾಗಿಸುತ್ತಾರೆ. ಸಾಮಾನ್ಯ ಮಗ್ಗದಲ್ಲಿ ಲಾಳಿಯು ಬಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ನೂಲನ್ನು ಒಯ್ಯುತ್ತದೆ. ತಮಿಳುನಾಡಿನ ಭವಾನಿಯ ಪ್ರಸಿದ್ಧ ಜಮಕ್ಕಾಳದಲ್ಲಿ ಬಣ್ಣದ ಪಟ್ಟಿಗಳೇ ಪ್ರಧಾನವಾಗಿರುವುದಕ್ಕೆ ಇದೇ ಕಾರಣ. ನವಲಗುಂದದಲ್ಲಿ ಹಾಗಲ್ಲ. ಪ್ರತಿ ಬಣ್ಣದ ನೂಲು ತನ್ನ ಆಕೃತಿಯ ಎಲ್ಲೆಯವರೆಗೆ ಮಾತ್ರ ಹೋಗಿ ಹಿಂದಿರುಗುತ್ತದೆ. ಹೀಗಾಗಿ ಒಂದು ಸಾಲು ಮುಗಿಯುವುದರೊಳಗೆ ಹಲವು ಬಾರಿ ಬಣ್ಣ ಬದಲಾಗಬೇಕು. ಕೆಲಸ ಅತಿ ನಿಧಾನ. ಆದರೆ ನವಿಲು ಮೂಡುವುದೂ, ಪಗಡೆಯ ಹಾಸು ನಡುಮಧ್ಯೆ ಅರಳುವುದೂ ಈ ನಿಧಾನದಿಂದಲೇ. ಕೆಂಪು, ಹಳದಿ, ಹಸಿರು, ನೀಲಿ, ಕಪ್ಪು ಬಣ್ಣಗಳು ಇದರಲ್ಲಿ ಎದ್ದು ಕಾಣುತ್ತವೆ. ನೆಲಹಾಸುಗಳ ಜೊತೆಗೆ ನಮಾಜಿನ ಚಾಪೆಗಳನ್ನೂ ನೇಯುವುದುಂಟು.

ವಿನ್ಯಾಸಗಳು ಬಹುಕಾಲ ನೇಕಾರ್ತಿಯರ ನೆನಪಿನಲ್ಲಿ ಉಳಿದುಬಂದವು. ಮದುವೆಯಾಗಿ ಹೊರಹೋಗುವ ಹೆಣ್ಣುಮಕ್ಕಳ ಜೊತೆ ಗುಟ್ಟೂ ಹೊರಹೋದೀತೆಂಬ ಆತಂಕದಿಂದ ಕೆಲವು ಮನೆಗಳಲ್ಲಿ ಮಗಳಿಗೂ ಕಲಿಸುತ್ತಿರಲಿಲ್ಲವೆಂದು ಹೇಳಲಾಗುತ್ತದೆ. ಒಂದು ಕಾಲಕ್ಕೆ ಕಸುಬನ್ನು ಕಾಪಾಡಿದ ಈ ಗೋಪ್ಯವೇ ಮುಂದೆ ಅದಕ್ಕೆ ಕುತ್ತಾಯಿತು. ಕಲಿತವರು ಮುಪ್ಪಾದಂತೆ ಕಲಿಯುವವರು ವಿರಳರಾದರು. ದಿನವಿಡೀ ಮಗ್ಗದ ಮುಂದೆ ಕೂತರೂ ಕೈಗೆ ಬರುವ ಕೂಲಿ ಅಲ್ಪವೆಂಬ ಕೊರಗೂ ಹೊಸ ತಲೆಮಾರನ್ನು ದೂರವಿಟ್ಟಿತು. ಈಗ ಮಗ್ಗದ ಮುಂದೆ ಕೂರುವವರು ಬೆರಳೆಣಿಕೆಯಷ್ಟು ಮಂದಿ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಪ್ರಯತ್ನದಿಂದ ಈ ಜಮಖಾನಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದರೂ ಹೆಸರಿನ ದುರ್ಬಳಕೆಯನ್ನು ಗುರುತಿಸುವ ಕೊಳ್ಳುಗರಿಲ್ಲದೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಂತೂ ನೆಲಕ್ಕೆ ಹಾಸುವ ದಪ್ಪ ಬಟ್ಟೆಯೆಲ್ಲವೂ ಜಮಖಾನವೇ. ಯಂತ್ರದಲ್ಲಿ ತಯಾರಾದ ಅಗ್ಗದ ಹಾಸೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ.

ಅಸಲಿಯನ್ನು ಗುರುತಿಸುವುದು ಕಷ್ಟವೇನಲ್ಲ. ಹಾಸನ್ನು ಮಗುಚಿ ನೋಡಬೇಕು. ಅಚ್ಚಿನದಾದರೆ ಹಿಂಬದಿಯ ಚಿತ್ತಾರ ಮಸುಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಕೈನೇಯ್ಗೆಯ ಜಮಖಾನದಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಒಂದೇ. ಆಕೃತಿಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೆ ಅದನ್ನು ದೋಷವೆಂದು ತಿಳಿಯಬೇಕಿಲ್ಲ. ಕೈಕೆಲಸದ ಗುರುತು ಅದು. ತಂಪು ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಬಣ್ಣ ಬಹುಕಾಲ ನಿಲ್ಲುತ್ತದೆ. ಮಡಿಸಿಡುವ ಬದಲು ಸುರುಳಿ ಸುತ್ತಿಡುವುದು ಒಳ್ಳೆಯದು.