ಯಾರ ಹಿಟ್, ಯಾರ ಹಾಡು: 1967ರ ಒಂದು ಡಿಲನ್ ಸಂಕಲನ

ಬಾಬ್ ಡಿಲನ್ ಅವರ ‘ಗ್ರೇಟೆಸ್ಟ್ ಹಿಟ್ಸ್’ ಹೊರಬಂದದ್ದು 1967ರ ಮಾರ್ಚ್ 27ರಂದು, ಕೊಲಂಬಿಯಾ ರೆಕಾರ್ಡ್ಸ್ ಕಂಪನಿಯಿಂದ. ಒಂದೇ ಎಲ್‌ಪಿ, ಬದಿಗೆ ಐದರಂತೆ ಹತ್ತು ಹಾಡು. ಡಿಲನ್ ಕುರಿತ ಬರಹಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ಇದಕ್ಕೆಂದೇ ಹಾಡಿದ್ದು ಇದರಲ್ಲಿ ಏನೂ ಇಲ್ಲ, ಇದ್ದದ್ದನ್ನು ಕಂಪನಿ ಜೋಡಿಸಿಕೊಟ್ಟಿದೆ ಎಂಬುದು ಆ ಉಪೇಕ್ಷೆಗೆ ಕಾರಣ. ಆದರೆ ಅಮೆರಿಕದಲ್ಲೇ 50 ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆದ ಈ ರೆಕಾರ್ಡ್ ಎಷ್ಟೋ ಮನೆಗಳಿಗೆ ಡಿಲನ್ ಕಾಲಿಟ್ಟ ಮೊದಲ ಬಾಗಿಲು. ಅದರ ಹೆಸರಿನಲ್ಲಿರುವ ‘ಹಿಟ್’ ಎಂಬ ಮಾತನ್ನೇ ಹಿಡಿದು ಒಂದೊಂದು ಹಾಡಿನ ಲೆಕ್ಕ ತೆಗೆದರೆ, ಆ ಕಾಲದ ಸಂಗೀತದ ಒಂದು ದೊಡ್ಡ ಜಗಳದ ಕತೆ ಬಿಚ್ಚಿಕೊಳ್ಳುತ್ತದೆ.

ಜನಪ್ರಿಯ ಹಾಡುಗಳನ್ನು ಹೆಕ್ಕಿ ಒಂದೇ ರೆಕಾರ್ಡಿಗೆ ಇಳಿಸುವ ರೂಢಿ ಆಗ ಹೊಸದು. 1948ರಲ್ಲಿ ಲಾಂಗ್‌ಪ್ಲೇ ರೆಕಾರ್ಡನ್ನು ಮಾರುಕಟ್ಟೆಗೆ ತಂದ ಕೊಲಂಬಿಯಾವೇ 1958ರಲ್ಲಿ ಗಾಯಕ ಜಾನಿ ಮ್ಯಾಥಿಸ್ ಅವರ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಹೊರತಂದಿತು. ಆ ಬಗೆಯ ಸಂಕಲನಗಳಿಗೆ ಅದನ್ನೇ ಮೊದಲಿನದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ನಿಂತಿದ್ದನ್ನು ಕಂಡ ಮೇಲೆ ಕಂಪನಿಗಳಿಗೆ ಬೇರೆ ಪಾಠ ಬೇಕಿರಲಿಲ್ಲ.

ಡಿಲನ್ ವಿಷಯದಲ್ಲಿ ತುರ್ತು ಕಾರಣವೂ ಇತ್ತು. 1966ರ ಜುಲೈ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ ಮೋಟಾರ್ ಸೈಕಲ್ಲಿನಿಂದ ಬಿದ್ದ ಮೇಲೆ ಅವರು ಪ್ರವಾಸಗಳನ್ನೆಲ್ಲ ಬಿಟ್ಟು ಮನೆ ಹಿಡಿದರು. ‘ಬ್ಲಾಂಡ್ ಆನ್ ಬ್ಲಾಂಡ್’ ನಂತರ ಹೊಸ ಆಲ್ಬಂ ಬಂದದ್ದು 1967ರ ಡಿಸೆಂಬರ್ ಕೊನೆಯಲ್ಲಿ. ಒಂದೂವರೆ ವರ್ಷದ ಮೌನ, ಅದರ ನಡುವೆ ಮುಗಿಯುತ್ತಿದ್ದ ಕರಾರು, ಅವರನ್ನು ಸೆಳೆದುಕೊಳ್ಳಲು ಹೊರಗೆ ಕಾದಿದ್ದ ಎಂಜಿಎಂ ಕಂಪನಿ. ಕೈಯಲ್ಲಿದ್ದ ಧ್ವನಿಮುದ್ರಣಗಳನ್ನೇ ಕೊಲಂಬಿಯಾ ಜೋಡಿಸಿತು.

ಹೀಗೆ ಜೋಡಿಸಿದ ಹತ್ತರಲ್ಲಿ ಆರು ಹಾಡುಗಳು ಡಿಲನ್ ದನಿಯಲ್ಲೇ ಅಮೆರಿಕದ ಮೊದಲ ನಲವತ್ತರೊಳಗೆ ಬಂದವು. ‘ಲೈಕ್ ಎ ರೋಲಿಂಗ್ ಸ್ಟೋನ್’ ಮತ್ತು ‘ರೈನಿ ಡೇ ವಿಮೆನ್’ ಎರಡೂ 2ನೇ ಸ್ಥಾನ ಮುಟ್ಟಿದ್ದವು. ‘ಪಾಸಿಟಿವ್ಲಿ ಫೋರ್ತ್ ಸ್ಟ್ರೀಟ್’ 7ನೆಯದು, ‘ಐ ವಾಂಟ್ ಯೂ’ 20ನೆಯದು, ‘ಜಸ್ಟ್ ಲೈಕ್ ಎ ವುಮನ್’ 33ನೆಯದು, ‘ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್’ 39ನೆಯದು. ಉಳಿದ ನಾಲ್ಕರ ಕತೆಯೇ ಬೇರೆ. ‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡನ್ನು 1963ರಲ್ಲಿ 2ನೇ ಸ್ಥಾನಕ್ಕೆ ಕೊಂಡೊಯ್ದವರು ಪೀಟರ್, ಪಾಲ್ ಅಂಡ್ ಮೇರಿ. ‘ಮಿಸ್ಟರ್ ಟ್ಯಾಂಬುರೀನ್ ಮ್ಯಾನ್’ 1965ರಲ್ಲಿ 1ನೇ ಸ್ಥಾನ ಕಂಡದ್ದು ದ ಬರ್ಡ್ಸ್ ತಂಡದ ಕೈಯಲ್ಲಿ. ‘ಇಟ್ ಏಂಟ್ ಮಿ ಬೇಬ್’ ಅದೇ ವರ್ಷ ದ ಟರ್ಟಲ್ಸ್ ತಂಡದಿಂದ 8ಕ್ಕೆ ಏರಿತು. ‘ದ ಟೈಮ್ಸ್ ದೇ ಆರ್ ಎ-ಚೇಂಜಿಂಗ್’ ಡಿಲನ್ ದನಿಯಲ್ಲೇ ಹಿಟ್ ಆಯಿತಾದರೂ ಆದದ್ದು ಬ್ರಿಟನ್ನಿನಲ್ಲಿ.

ಈ ವಿಂಗಡಣೆಗೆ ಇನ್ನೊಂದು ಗೆರೆ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಮೊದಲ ಆರೂ ಎಲೆಕ್ಟ್ರಿಕ್ ಯುಗದ, ಪಕ್ಕವಾದ್ಯಗಳ ದೊಡ್ಡ ಮೇಳವಿರುವ ಹಾಡುಗಳು. ನಂತರದ ನಾಲ್ಕರಲ್ಲಿ ಹೆಚ್ಚೇನೂ ಇಲ್ಲ: ಮರದ ಗಿಟಾರ್, ಮೌತ್ ಆರ್ಗನ್, ಕಂಠ; ‘ಮಿಸ್ಟರ್ ಟ್ಯಾಂಬುರೀನ್ ಮ್ಯಾನ್’ನಲ್ಲಿ ಮಾತ್ರ ಜತೆಗೊಂದು ಮೆಲುದನಿಯ ಎಲೆಕ್ಟ್ರಿಕ್ ಗಿಟಾರ್. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಹತ್ತಿದಾಗ ಎದ್ದ ಗಲಾಟೆಯನ್ನು ಎಲ್ಲರೂ ಬಲ್ಲರು. ಮಾರುಕಟ್ಟೆಗೆ ತನ್ನನ್ನು ಮಾರಿಕೊಂಡನೆಂಬುದು ಜಾನಪದ ಗಾಯನದ ಹಳೆಯ ಅಭಿಮಾನಿಗಳ ಆರೋಪ. ಲೆಕ್ಕ ಹೇಳುವುದು ಹೀಗೆ: ಅಮೆರಿಕದಲ್ಲಿ ಅವರ ಹಳೆಯ ಹಾಡು ಗೆಲ್ಲಬೇಕಾದರೆ ಅದಕ್ಕೆ ಇನ್ನೊಬ್ಬರ ಇಂಪಾದ ಕಂಠ ಬೇಕಿತ್ತು. ತನ್ನ ಒರಟು ದನಿಯಲ್ಲೇ ರೇಡಿಯೋಗೆ ನುಗ್ಗಲು ದಾರಿ ಮಾಡಿಕೊಟ್ಟದ್ದು ಎಲೆಕ್ಟ್ರಿಕ್ ಗಿಟಾರ್. ಆ ಬದಲಾವಣೆಯನ್ನು ಶರಣಾಗತಿ ಎಂದು ಓದುವುದು ನನಗೆ ಒಪ್ಪಿಗೆಯಾಗದು. ಹಾಡಿನ ಒಡೆತನವನ್ನು ಗಾಯಕ ಮರಳಿ ಪಡೆದ ಹೆಜ್ಜೆ ಅದು.

ಸಂಕಲನದ ಜೋಡಣೆ ಇದನ್ನು ಕಿವಿಗೇ ಕೇಳಿಸುತ್ತದೆ. ಕಾಲಾನುಕ್ರಮ ಬಿಟ್ಟುಬಿಟ್ಟಿದ್ದಾರೆ. ಮುಳ್ಳು ಇಟ್ಟೊಡನೆ ಬರುವುದು 1966ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿದ ‘ರೈನಿ ಡೇ ವಿಮೆನ್’. ಮೆರವಣಿಗೆಯ ಬ್ಯಾಂಡ್ ಸೆಟ್ಟಿನಂಥ ಡ್ರಮ್, ಟ್ರೊಂಬೋನ್, ನಡುನಡುವೆ ನಗು, ಕೇಕೆ. ಅದು ಅಡಗಿ ಒಂದೆರಡು ಕ್ಷಣ ರೆಕಾರ್ಡಿನ ಸರಸರ ಸದ್ದು. ಆಮೇಲೆ 1962ರ ಜುಲೈ 9ರ ‘ಬ್ಲೋಯಿಂಗ್ ಇನ್ ದ ವಿಂಡ್’, ಗುಲಾಮಗಿರಿಯ ನೆನಪು ಹೊತ್ತ ಹಳೆಯ ಆಫ್ರಿಕನ್ ಅಮೆರಿಕನ್ ಹಾಡೊಂದರ ಧಾಟಿಯಿಂದ ಕಟ್ಟಿದ್ದು. ಎರಡರ ನಡುವೆ ನಾಲ್ಕು ವರ್ಷವೂ ಇಲ್ಲ; ಕೇಳುವವರಿಗೆ ಒಂದು ಯುಗವೇ ಸರಿದಂತೆ. ನ್ಯೂಪೋರ್ಟ್‌ನಲ್ಲಿ ಒಂದೇ ವೇದಿಕೆಯಲ್ಲಿ ಹೊಂದದೆ ಹೋದದ್ದು ಇಲ್ಲಿ ಒಂದೇ ಬದಿಯಲ್ಲಿ ಒಟ್ಟಿಗೆ ಕುಳಿತಿದೆ. ಆ ಬದಿ ಮುಗಿಯುವುದು ಆರು ನಿಮಿಷ ದಾಟುವ ‘ಲೈಕ್ ಎ ರೋಲಿಂಗ್ ಸ್ಟೋನ್’ನಿಂದ.

ಬಿಟ್ಟದ್ದೂ ಕಡಿಮೆಯಲ್ಲ. 1962ರ ಮೊದಲ ಆಲ್ಬಂನಿಂದ ಒಂದೂ ಹಾಡಿಲ್ಲ. ‘ಮಾಸ್ಟರ್ಸ್ ಆಫ್ ವಾರ್’ ಇಲ್ಲ, ಹನ್ನೊಂದು ನಿಮಿಷದ ‘ಡೆಸೊಲೇಷನ್ ರೋ’ ಇಲ್ಲ. ಕವಿಯೊಬ್ಬನ ‘ಆಯ್ದ ಕವಿತೆಗಳು’ ತೆರೆದಂತೆ ಇದನ್ನು ತೆರೆದರೆ ನಿರಾಸೆ ಖಂಡಿತ. ಆಲ್ಬಂಗಳನ್ನು ಕೊಂಡಿಟ್ಟುಕೊಂಡವರಿಗೆ ಇದರಲ್ಲಿ ಸಿಕ್ಕ ಲಾಭ ಒಂದೇ: ಅದುವರೆಗೆ ಸಿಂಗಲ್ ಆಗಿ ಮಾತ್ರ ಸಿಗುತ್ತಿದ್ದ ‘ಪಾಸಿಟಿವ್ಲಿ ಫೋರ್ತ್ ಸ್ಟ್ರೀಟ್’.

ಹೊದಿಕೆಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ರೋಲಂಡ್ ಶರ್ಮನ್ 1965ರ ನವೆಂಬರ್ 28ರಂದು ವಾಷಿಂಗ್ಟನ್ ಕೊಲಿಸಿಯಂನಲ್ಲಿ ತೆಗೆದ ಚಿತ್ರ ಅದು. ಹಿಂದಿನಿಂದ ಬಿದ್ದ ನೀಲಿ ಬೆಳಕಿಗೆ ಕೆದರಿದ ಕೂದಲಿನ ಅಂಚು ಹೊತ್ತಿಕೊಂಡಂತಿದೆ. ಮುಖ ನೆರಳಿನಲ್ಲಿ, ತುಟಿಗೆ ಮೌತ್ ಆರ್ಗನ್. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಒಳಗೆ ಮಡಿಸಿಟ್ಟ ಭಿತ್ತಿಚಿತ್ರ ಮಿಲ್ಟನ್ ಗ್ಲೇಸರ್ ಅವರದು: ಕಪ್ಪು ಪಾರ್ಶ್ವಮುಖ, ಮೇಲೆ ಬಣ್ಣಬಣ್ಣದ ಸುರುಳಿಗೂದಲು. ಕಲಾವಿದ ಮಾರ್ಸೆಲ್ ದುಶಾಂಪ್ ಅವರ ಛಾಯಾ ಸ್ವಚಿತ್ರದಿಂದ ಮುಖರೇಖೆ, ಇಸ್ಲಾಮಿಕ್ ಚಿತ್ರಕಲೆಯಿಂದ ಬಣ್ಣದ ಬಳುಕು ಪಡೆದೆನೆಂದು ಗ್ಲೇಸರ್ ಹೇಳಿಕೊಂಡಿದ್ದಾರೆ. ಎರಡೂ ಚಿತ್ರಗಳಲ್ಲಿ ಕಣ್ಣಿಲ್ಲ, ಮುಖಭಾವವಿಲ್ಲ, ಕೂದಲೇ ಗುರುತು. ಜನರ ಕಣ್ಣಿಂದ ಮರೆಯಾಗಿ ಕುಳಿತ ಗಾಯಕನನ್ನು ಆ ವರ್ಷ ಗೋಡೆಗೋಡೆಯ ಮೇಲೆ ಉಳಿಸಿದ್ದು ಆ ಹಾಳೆ.

ಸಂಕಲನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ತಿಂಗಳುಗಳಲ್ಲೇ ಡಿಲನ್ ವುಡ್‌ಸ್ಟಾಕ್ ಸುತ್ತಮುತ್ತ ಗೆಳೆಯರೊಂದಿಗೆ ಕೂತು ಹಾಡುಗಳ ರಾಶಿಯನ್ನೇ ಮುದ್ರಿಸಿಕೊಳ್ಳುತ್ತಿದ್ದರು. ಅವೂ ಬೇರೆಯವರ ಕಂಠದಲ್ಲೇ ಮೊದಲು ಹೊರಬಿದ್ದವು. 1971ರ ನವೆಂಬರ್‌ನಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎರಡನೇ ಸಂಪುಟ ಬಂದಾಗ ಆಯ್ಕೆ ಡಿಲನ್ ಅವರದೇ. ಅದಕ್ಕಾಗಿ ಅವರು ಸಂಗೀತಗಾರ ಹ್ಯಾಪಿ ಟ್ರಾಮ್ ಅವರನ್ನು ಜತೆಗಿಟ್ಟುಕೊಂಡು ಆ ರಾಶಿಯ ಮೂರು ಹಾಡುಗಳನ್ನು ಮತ್ತೆ ಹಾಡಿದರು. ಬರ್ಡ್ಸ್ ತಂಡ 1968ರಲ್ಲೇ ಹಾಡಿದ್ದ ‘ಯೂ ಏಂಟ್ ಗೋಯಿಂಗ್ ನೋವೇರ್’ ಅವುಗಳಲ್ಲೊಂದು.