ಸೇನಾ ದಾಖಲೆಯಲ್ಲಿ ಒಂದಕ್ಷರ ತಪ್ಪಿದ್ದರೂ ಬದುಕಿರುವಾಗಲೇ ತಿದ್ದಿಸಿಕೊಳ್ಳಿ

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪ ಅಟ್ಟದ ಮೇಲಿನ ಕಪ್ಪು ಟ್ರಂಕ್ ಇಳಿಸಿಕೊಂಡು ಕೂತಿದ್ದರು. ಸೇನೆಯಿಂದ ನಿವೃತ್ತರಾಗಿ ಬರುವಾಗ ತಂದ ಟ್ರಂಕ್ ಅದು. "ನೀನು ಕಂಪ್ಯೂಟರ್ ಓದಿದೋನಲ್ವೇನೋ, ಇದೊಂದು ನೋಡು" ಅಂತ ಎರಡು ಕಾಗದ ಕೈಗಿಟ್ಟರು. ಒಂದು ಅವರ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ. ಇನ್ನೊಂದು ದೊಡ್ಡಮ್ಮನ ಆಧಾರ್. ಆಧಾರ್‌ನಲ್ಲಿ ಅವರು ಪುಟ್ಟತಾಯಮ್ಮ. ಪಿಪಿಒದಲ್ಲಿ 'ಪುಟ್ಟಾ ತಾಯಿ'. ಜನ್ಮ ದಿನಾಂಕದ ಜಾಗ ಖಾಲಿ.

"ಮದುವೆ ರಜೆ ಮುಗಿಸಿ ಯೂನಿಟ್‌ಗೆ ಹೋದಾಗ ಕ್ಲರ್ಕ್ ಕೇಳಿದ, ನಾನು ಹೇಳಿದೆ. ಅವನಿಗೆ ಕನ್ನಡ ಬರಲ್ಲ, ಕೇಳಿಸಿದ ಹಾಗೆ ಬರಕೊಂಡ. ನಾನಿರೋವರೆಗೂ ಏನೂ ತೊಂದರೆ ಇಲ್ಲ. ನಾನು ಹೋದ ಮೇಲೆ ನಾನೇ ಇವರ ಹೆಂಡ್ತಿ ಅಂತ ಇವಳು ತೋರಿಸಬೇಕಲ್ಲಪ್ಪ" ಅಂದರು. ದೊಡ್ಡಪ್ಪನಿಗೆ ಆಗ 84.

ಎಂಜಿನಿಯರಿಂಗ್ ಓದಿದವನಿಗೆ ಇದು ಅರ್ಧ ಗಂಟೆಯ ಕೆಲಸ ಅನ್ನಿಸಿತ್ತು. ಆನ್‌ಲೈನ್‌ನಲ್ಲಿ ಹೆಸರು ತಿದ್ದಿ ಸೇವ್ ಮಾಡಿದರೆ ಮುಗಿಯಿತಲ್ಲ ಅಂದುಕೊಂಡೆ. ಮುಗಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಒಟ್ಟು ಮಾಡಿ ಬರೆಯುತ್ತಿದ್ದೇನೆ. ಊರಿಗೊಬ್ಬ ಮಾಜಿ ಸೈನಿಕರಿರುವ ನಮ್ಮ ಕಡೆ ಯಾರಿಗಾದರೂ ಉಪಯೋಗವಾಗಬಹುದು.

ದಾಖಲೆ ಎಂದರೆ ಯಾವುದು?

ಸೈನಿಕನ ಬಳಿ ಇರುವುದು ನಕಲು. ನಿವೃತ್ತಿಯ ದಿನ ಕೊಡುವ ಡಿಸ್ಚಾರ್ಜ್ ಬುಕ್, ಆಮೇಲೆ ಬರುವ ಪಿಪಿಒ, ಇವೆರಡೂ ಮೂಲ ದಾಖಲೆಯಿಂದ ಎತ್ತಿ ಬರೆದವು. ಮೂಲ ಇರುವುದು ಆಯಾ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿ. ಜವಾನರು ಮತ್ತು ಜೆಸಿಒಗಳ ವಿಷಯದಲ್ಲಿ ಅದರ ಹೆಸರು ಶೀಟ್ ರೋಲ್. ಭರ್ತಿಯಾದ ದಿನಾಂಕ, ಜನ್ಮ ದಿನಾಂಕ, ಓದು, ಬಡ್ತಿ, ಶಿಕ್ಷೆ, ಪದಕ, ಹೆಂಡತಿ ಮಕ್ಕಳ ವಿವರ ಎಲ್ಲ ಅದರಲ್ಲಿ ಸೇರುತ್ತದೆ.

ಆ ಶೀಟ್ ರೋಲ್‌ನಲ್ಲಿ ಯಾರೂ ಸುಮ್ಮನೆ ಪೆನ್ನು ಹಿಡಿದು ತಿದ್ದುವಂತಿಲ್ಲ. ಪ್ರತಿ ಬದಲಾವಣೆಗೂ 'ಪಾರ್ಟ್ ಟೂ ಆರ್ಡರ್' ಹೊರಡಬೇಕು. ಮದುವೆಯಾದರೂ ಅದೇ, ಮಗು ಹುಟ್ಟಿದರೂ ಅದೇ, ರಜೆಗೆ ಹೋದರೂ ಅದೇ. ಸೇನೆಯ ಕಚೇರಿ ಭಾಷೆಯಲ್ಲಿ ಇಂಥ ಪ್ರತಿ ಘಟನೆಗೂ 'ಕ್ಯಾಶುಯಲ್ಟಿ' ಎನ್ನುತ್ತಾರೆ. ತನ್ನ ಮದುವೆಯೂ ಕ್ಯಾಶುಯಲ್ಟಿ ಲೆಕ್ಕಕ್ಕೇ ಹೋಯಿತು ಅಂತ ದೊಡ್ಡಪ್ಪ ಈಗಲೂ ದೊಡ್ಡಮ್ಮನನ್ನು ರೇಗಿಸುತ್ತಾರೆ.

ನನಗೆ ಇದು ಸಾಫ್ಟ್‌ವೇರ್‌ನವರು ಇಡುವ ಲಾಗ್‌ನಂತೆ ಕಂಡಿತು. ಹಳೆಯ ಸಾಲನ್ನು ಅಳಿಸುವುದಿಲ್ಲ, ಅದನ್ನು ಸರಿಪಡಿಸುವ ಹೊಸ ಸಾಲು ಸೇರಿಸುತ್ತಾರೆ. ಹಾಗಾಗಿ ತಿದ್ದುಪಡಿ ಕೇಳುವವರು ನೆನಪಿಡಬೇಕಾದ ಮೊದಲ ಮಾತು ಇದು: "ತಪ್ಪಾಗಿದೆ, ಸರಿಮಾಡಿ" ಎಂದರೆ ಸಾಲದು. ಹೊಸ ಸಾಲು ಬರೆಯಲು ಆಧಾರವಾಗುವ ಕಾಗದವನ್ನು ನಾವೇ ಒದಗಿಸಬೇಕು.

ಯಾರಿಗೆ ಬರೆಯಬೇಕು?

ನಾವು ಮೊದಲು ಹೋದದ್ದು ಬ್ಯಾಂಕಿಗೆ. ಅದು ನಮ್ಮದೇ ತಪ್ಪು. ಬ್ಯಾಂಕು ದುಡ್ಡು ಹಾಕುತ್ತದೆ, ದಾಖಲೆ ತಿದ್ದುವ ಅಧಿಕಾರ ಅದಕ್ಕಿಲ್ಲ.

ಜವಾನ ಮತ್ತು ಜೆಸಿಒ ಆಗಿದ್ದವರು ತಮ್ಮ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದ್ದು ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟ್‌ನವರದ್ದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಇಎಂಇಯವರದ್ದು ಸಿಕಂದರಾಬಾದ್‌ನಲ್ಲಿ, ಆರ್ಟಿಲರಿಯವರದ್ದು ನಾಸಿಕ್‌ನಲ್ಲಿ. ವಾಯುಪಡೆಯ ಏರ್‌ಮನ್‌ಗಳಿಗೆ ದೆಹಲಿಯ ಸುಬ್ರತೋ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈನ ಮಾನ್‌ಖುರ್ದ್. ಭೂಸೇನೆಯ ಅಧಿಕಾರಿಗಳ ದಾಖಲೆ ದೆಹಲಿಯ ಸೇನಾ ಪ್ರಧಾನ ಕಚೇರಿಯಲ್ಲಿರುತ್ತದೆ.

ರೆಕಾರ್ಡ್ ಆಫೀಸ್ ಪಾರ್ಟ್ ಟೂ ಆರ್ಡರ್ ಹೊರಡಿಸಿದ ಮೇಲೆ ಕಡತ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ತಿದ್ದುಪಡಿ ಪಿಪಿಒ, ಅಂದರೆ 'ಕೊರಿಜೆಂಡಮ್', ಬರುತ್ತದೆ. ಈಗ ಪಿಂಚಣಿಯೆಲ್ಲ 'ಸ್ಪರ್ಶ್' ಪೋರ್ಟಲ್‌ಗೆ ಬಂದಿರುವುದರಿಂದ ಅಲ್ಲಿನ ಪ್ರೊಫೈಲ್‌ನಲ್ಲೂ ಹೆಸರು, ದಿನಾಂಕ ಸರಿಯಾಗಿವೆಯೇ ಎಂದು ನೋಡಲೇಬೇಕು. ಜಾಗ ಮೂರು. ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಹಳೆಯದೇ ಉಳಿದರೆ ಕೆಲಸ ಅರ್ಧ ಆದಂತೆ.

ಅರ್ಜಿ ಬರೆಯಲು ಗೊತ್ತಾಗದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬಹುದು. ಅಲ್ಲಿಯವರಿಗೆ ಈ ನಮೂನೆಗಳು ಬಾಯಿಪಾಠ.

ಹೆಂಡತಿಯ ಹೆಸರು, ಹೆಂಡತಿಯ ವಯಸ್ಸು

ಹೆಸರಿನ ತಪ್ಪು ಬರೀ ಕಾಗುಣಿತದ್ದಲ್ಲ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರೇ ಬದಲಾಗುತ್ತದೆ. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಇನಿಷಿಯಲ್ ಒಮ್ಮೆ ಅಪ್ಪನದು, ಒಮ್ಮೆ ಗಂಡನದು. ಇದು ಊರಿನಲ್ಲಿ ಯಾರಿಗೂ ಗೊಂದಲವಲ್ಲ. ಆದರೆ ದೂರದ ಕಚೇರಿಯಲ್ಲಿ ಕೂತವರಿಗೆ ಎರಡು ಹೆಸರೆಂದರೆ ಇಬ್ಬರು ಹೆಂಗಸರು.

ಸಾಮಾನ್ಯವಾಗಿ ಕೇಳುವ ಕಾಗದಗಳು ಇವು: ಎರಡೂ ಹೆಸರು ಒಬ್ಬರದೇ ಎಂದು ಹೇಳುವ ಅಫಿಡವಿಟ್, ಮದುವೆಯ ಪುರಾವೆ, ಆಧಾರ್ ಮತ್ತು ಪ್ಯಾನ್ ನಕಲು, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ನಕಲು, ಜೋಡಿ ಫೋಟೊ. ಹೆಸರೇ ಬದಲಾಗಿದ್ದರೆ ಪತ್ರಿಕಾ ಪ್ರಕಟಣೆಯನ್ನೂ ಕೇಳುತ್ತಾರೆ. ಕಳಿಸುವ ಮೊದಲು ನಿಮ್ಮ ರೆಕಾರ್ಡ್ ಆಫೀಸಿನಿಂದ ಅವರ ಪಟ್ಟಿಯನ್ನೇ ತರಿಸಿಕೊಳ್ಳಿ.

ನಮ್ಮ ಮೊದಲ ಅರ್ಜಿ ವಾಪಸ್ ಬಂತು. ಆಧಾರ್‌ನ ಇಂಗ್ಲಿಷ್ ಹೆಸರಿನಲ್ಲಿ 'ತಾಯಮ್ಮ'ದ 'ತಾ'ಗೆ ಟಿ ಪಕ್ಕ ಎಚ್ ಇತ್ತು, ಅಫಿಡವಿಟ್ ಟೈಪ್ ಮಾಡಿದವರು ಎಚ್ ಬಿಟ್ಟಿದ್ದರು. ತಪ್ಪು ತಿದ್ದಲು ಕೊಟ್ಟ ಕಾಗದದಲ್ಲೇ ಹೊಸ ತಪ್ಪು. ಅಫಿಡವಿಟ್ ಓದಿ ನೋಡದೆ ಸಹಿ ಹಾಕಿಸಿದವನು ನಾನೇ. ಮೂರು ತಿಂಗಳು ದಂಡವಾಯಿತು.

ವಯಸ್ಸಿನ ಜಾಗ ಖಾಲಿ ಬಿಡುವುದು ಇದಕ್ಕಿಂತ ದುಬಾರಿ. 2006ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಪಿಂಚಣಿದಾರರಿಗೆ 80 ತುಂಬಿದ ಮೇಲೆ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಶೇ. 100. ಕುಟುಂಬ ಪಿಂಚಣಿ ಪಡೆಯುವ ವಿಧವೆಗೂ ಇದೇ ಲೆಕ್ಕ. ಆದರೆ ದಾಖಲೆಯಲ್ಲಿ ಆಕೆಯ ಜನ್ಮ ದಿನಾಂಕವೇ ಇಲ್ಲದಿದ್ದರೆ ಆಕೆಗೆ 80 ಆದದ್ದು ಯಾವ ಕಂಪ್ಯೂಟರ್‌ಗೂ ಗೊತ್ತಾಗುವುದಿಲ್ಲ. ಖಾಲಿ ಜಾಗ ತಾನಾಗಿ ದೂರು ಕೊಡುವುದಿಲ್ಲ.

ಸ್ವಂತ ಜನ್ಮ ದಿನಾಂಕ: ಜನರಲ್‌ಗೂ ಆಗದ್ದು

ಸೈನಿಕನ ಸ್ವಂತ ಜನ್ಮ ದಿನಾಂಕ ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಇದಕ್ಕೆ ದೇಶವೇ ನೋಡಿದ ಉದಾಹರಣೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರದ್ದು. ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದಲ್ಲಿ ಅವರು ಹುಟ್ಟಿದ್ದು 10 ಮೇ 1951. ಎನ್‌ಡಿಎ ಪರೀಕ್ಷೆಗೆ ತುಂಬಿದ ಅರ್ಜಿಯಲ್ಲಿ 1950. ಸೇನಾ ಪ್ರಧಾನ ಕಚೇರಿಯ ಒಂದು ಶಾಖೆ ಒಂದನ್ನು, ಇನ್ನೊಂದು ಶಾಖೆ ಇನ್ನೊಂದನ್ನು ದಶಕಗಳ ಕಾಲ ಇಟ್ಟುಕೊಂಡವು. 2011ರ ಡಿಸೆಂಬರ್‌ನಲ್ಲಿ ಸರ್ಕಾರ ಅವರ ಶಾಸನಬದ್ಧ ದೂರನ್ನು ತಿರಸ್ಕರಿಸಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು, 2012ರ ಫೆಬ್ರವರಿ 10ರಂದು ಅರ್ಜಿ ಹಿಂಪಡೆದರು, ಮೇ 31ಕ್ಕೆ ನಿವೃತ್ತರಾದರು.

ಅಲ್ಲಿ ಕೋರ್ಟಿನ ಮುಂದಿದ್ದ ಪ್ರಶ್ನೆ ಅವರು ನಿಜವಾಗಿ ಯಾವಾಗ ಹುಟ್ಟಿದರು ಎಂಬುದಲ್ಲ, ಸೇವೆಯ ದಾಖಲೆಯಲ್ಲಿ ಯಾವುದನ್ನು ಒಪ್ಪಿಕೊಂಡು ಬಂದಿದ್ದರು ಎಂಬುದು. ಸೇವೆಯ ಕೊನೆಗಾಲದಲ್ಲಿ ಜನ್ಮ ದಿನಾಂಕ ಬದಲಿಸಲು ಕೇಳುವ ಅರ್ಜಿಗಳನ್ನು ನ್ಯಾಯಾಲಯಗಳು ಒಪ್ಪುವುದು ಬಹಳ ಅಪರೂಪ. ಸತ್ಯ ನಮ್ಮ ಕಡೆ ಇದ್ದರೂ ತಡ ಮಾಡಿದರೆ ದಾಖಲೆಯೇ ಸತ್ಯವಾಗಿಬಿಡುತ್ತದೆ.

ವೈದ್ಯಕೀಯ ದಾಖಲೆ

ಕಾಯಿಲೆಯ ಕಾರಣಕ್ಕೆ ಮನೆಗೆ ಕಳಿಸಿದವರ ಕಡತದಲ್ಲಿ ವೈದ್ಯಕೀಯ ಮಂಡಳಿಯ ಒಂದು ಸಾಲು ಇರುತ್ತದೆ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಾದದ್ದೇ, ಅಥವಾ ಎರಡೂ ಅಲ್ಲವೇ ಎಂಬುದು. ಅಂಗವೈಕಲ್ಯ ಪಿಂಚಣಿ ನಿಂತಿರುವುದು ಆ ಸಾಲಿನ ಮೇಲೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ಮಾತು ಹೇಳಿತು. ಭರ್ತಿಯ ವೇಳೆ ಕಾಯಿಲೆ ಇತ್ತೆಂದು ದಾಖಲಿಸಿಲ್ಲದಿದ್ದರೆ ಸೈನಿಕ ಆರೋಗ್ಯವಾಗಿಯೇ ಸೇರಿದ ಎಂದು ಭಾವಿಸಬೇಕು, ಆಮೇಲೆ ಬಂದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಹಳೆಯ ನಿಯಮಗಳಡಿ ನಿವೃತ್ತರಾದವರಿಗೆ ಇದು ದೊಡ್ಡ ಆಸರೆ. 2023ರ ಸೆಪ್ಟೆಂಬರ್ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳು ಬಂದಿವೆ. ಅವರು ಆ ನಿಯಮಗಳನ್ನೇ ಓದಿ ಮುಂದುವರಿಯಬೇಕು.

'ಆಗುವುದಿಲ್ಲ' ಎಂದರೆ?

ಮೊದಲು ಆ 'ಆಗುವುದಿಲ್ಲ'ವನ್ನು ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ನಿಮ್ಮ ಶೀಟ್ ರೋಲ್, ಪಾರ್ಟ್ ಟೂ ಆರ್ಡರ್, ವೈದ್ಯಕೀಯ ಮಂಡಳಿಯ ವರದಿ ಬೇಕೆಂದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕೊಟ್ಟು ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು.

ಅದಾದ ಮೇಲೆ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ಬಂದ ಇದರ ಕೊಚ್ಚಿ ಪೀಠದ ವ್ಯಾಪ್ತಿಗೆ ಕರ್ನಾಟಕ ಸೇರುತ್ತದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಮನವಿಗೆ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಅಲ್ಲಿಂದ ಮುಂದಿನ ಆರು ತಿಂಗಳು ಅವಕಾಶ. ತಡಕ್ಕೆ ಸರಿಯಾದ ಕಾರಣವಿದ್ದರೆ ಮಂಡಳಿ ಮನ್ನಿಸಬಹುದು. ಆದರೆ 2008ರ ತರ್ಸೇಮ್ ಸಿಂಗ್ ಪ್ರಕರಣದ ನಂತರ ಒಂದು ಮಾತು ಗಟ್ಟಿಯಾಗಿದೆ: ತಡವಾಗಿ ಹೋದವರು ಪಿಂಚಣಿ ಗೆದ್ದರೂ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ.

ಇನ್ನೊಂದು ಗಡುವು ಯಾರೂ ಹೇಳದ್ದು. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ದಾಖಲೆಗಳನ್ನು ನಿಯಮದಂತೆ 25 ವರ್ಷದ ನಂತರ ನಾಶ ಮಾಡುತ್ತಾರೆ. ಆಮೇಲೆ ತಿದ್ದಲು ಕಾಗದವೇ ಇರುವುದಿಲ್ಲ.

ಅಮೆರಿಕದಲ್ಲಿ ಸೇನಾ ದಾಖಲೆ ತಿದ್ದುವುದಕ್ಕೆಂದೇ ಕಾನೂನಿನ ಬಲವಿರುವ ಮಂಡಳಿಗಳಿವೆ. ಒಂದು ನಮೂನೆ ತುಂಬಿ ಕಳಿಸಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಕೇಳಬೇಕು, ನ್ಯಾಯದ ದೃಷ್ಟಿಯಿಂದ ಆ ಗಡುವನ್ನೂ ಸಡಿಲಿಸಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಮಂಡಳಿ ಇಲ್ಲ. ತಪ್ಪು ಬರೆದ ವ್ಯವಸ್ಥೆಯನ್ನೇ ತಿದ್ದು ಎಂದು ಕೇಳಬೇಕು, ಇಲ್ಲ ಅಂದರೆ ವಕೀಲರನ್ನು ಹಿಡಿದು ಮೊಕದ್ದಮೆ ಹೂಡಬೇಕು. ಒಂದು 'ಎಚ್' ಅಕ್ಷರಕ್ಕೂ, ಒಬ್ಬರ ಅಂಗವೈಕಲ್ಯ ಪಿಂಚಣಿಗೂ ಒಂದೇ ದಾರಿ ಇರುವುದು ಸರಿಯಲ್ಲ. ಕುಟುಂಬದ ವಿವರದ ಸಣ್ಣ ತಪ್ಪುಗಳನ್ನು ಜಿಲ್ಲಾ ಮಟ್ಟದಲ್ಲೇ ಪರಿಶೀಲಿಸಿ ದೃಢೀಕರಿಸುವ ಅಧಿಕಾರ ಸೈನಿಕ ಕಲ್ಯಾಣ ಕಚೇರಿಗಳಿಗೆ ಸಿಕ್ಕರೆ ಅರ್ಧ ಕಡತ ಅಲ್ಲೇ ಮುಗಿದೀತು ಅನ್ನುವುದು ನನ್ನ ಅಭಿಪ್ರಾಯ.

ಅದು ಆಗುವವರೆಗೆ ಕಾಯಬೇಡಿ. ಗಂಡ ಬದುಕಿರುವಾಗ ಈ ತಿದ್ದುಪಡಿಗೆ ಬೇಕಾದದ್ದು ಅವರ ಒಂದು ಸಹಿ. ಅವರು ಹೋದ ಮೇಲೆ ಅದೇ ಕೆಲಸಕ್ಕೆ ಹೆಂಡತಿ ತಹಶೀಲ್ದಾರರ ಕಚೇರಿಯಿಂದ ನೋಟರಿಯವರೆಗೆ ಅಲೆಯಬೇಕು, ಅದೂ ಪಿಂಚಣಿ ನಿಂತಿರುವ ತಿಂಗಳುಗಳಲ್ಲಿ.

ನಮ್ಮ ಕೊರಿಜೆಂಡಮ್ ಈ ವರ್ಷ ಶಿವರಾತ್ರಿಯ ಹಿಂದಿನ ವಾರ ಬಂತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ದೊಡ್ಡಮ್ಮ ಒಳಗಿನಿಂದಲೇ "ಹುಟ್ಟಿದ ತಾರೀಕೂ ಬಂತಾ ನೋಡ್ರಿ" ಅಂದರು. ಬಂದಿತ್ತು.

ನಿಮ್ಮ ಮನೆಯಲ್ಲೂ ಅಂಥ ಟ್ರಂಕ್ ಇದ್ದರೆ ಈ ಭಾನುವಾರ ಇಳಿಸಿ. ಪಿಪಿಒ, ಡಿಸ್ಚಾರ್ಜ್ ಬುಕ್, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ.