ಮಣಿಕಟ್ಟಿನ ಹೃದಯ ನಿಗಾ

ಹೃದಯದ ಲಯವನ್ನು ಹಗಲಿರುಳು ಗಮನಿಸುವ ಸ್ಮಾರ್ಟ್‌ವಾಚ್, ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಮೊದಲಾದ ಸಾಧನಗಳು ಮುಖ್ಯವಾಗಿ ಹುಡುಕುವುದು ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷವನ್ನು. ಈ ದೋಷವಿದ್ದಾಗ ಹೃತ್ಕರ್ಣಗಳು ರಕ್ತವನ್ನು ತಳ್ಳಲಾರದೆ ಬರಿದೆ ಅದುರುತ್ತವೆ. ಎಡ ಹೃತ್ಕರ್ಣದ ಕಿರುಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ದೋಷವಿರುವವರಿಗೆ ಈ ಅಪಾಯ ಸುಮಾರು 5 ಪಟ್ಟು ಹೆಚ್ಚು. ಹಲವರಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ಬಂದು ಹೋಗುವುದರಿಂದ ಆಸ್ಪತ್ರೆಯಲ್ಲಿ ಒಮ್ಮೆ ತೆಗೆದ ಇಸಿಜಿಯ ಕಣ್ಣಿಗೆ ಬೀಳದೆ ಹೋಗಬಹುದು. ವಾಚು ಚರ್ಮದ ಮೇಲೆ ಹಸಿರು ಬೆಳಕು ಬೀರಿ ನಾಡಿಬಡಿತಗಳ ನಡುವಿನ ಅಂತರ ಏರುಪೇರಾಗುವುದನ್ನು ಹಿಡಿಯುತ್ತದೆ. ಕೆಲವು ಮಾದರಿಗಳು ಬೆರಳು ತಾಗಿಸಿದರೆ 30 ಸೆಕೆಂಡಿನ ಇಸಿಜಿಯನ್ನೂ ದಾಖಲಿಸುತ್ತವೆ.

ದೋಷ ಪತ್ತೆಯಾದ ಮಾತ್ರಕ್ಕೆ ಪಾರ್ಶ್ವವಾಯು ತಪ್ಪುವುದಿಲ್ಲ. ಸಾಧನದಿಂದ ಆಗುವ ಉಪಕಾರವನ್ನು ಹೆಚ್ಚಾಗಿ ನಿರ್ಧರಿಸುವುದು ಅದನ್ನು ತೊಟ್ಟವರ ವಯಸ್ಸು ಮತ್ತು ಅವರಿಗಿರುವ ಇತರ ಕಾಯಿಲೆಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಆ್ಯಪಲ್ ಹಾರ್ಟ್ ಅಧ್ಯಯನದ 4,19,297 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು 40 ತುಂಬದವರು. ಅವರಲ್ಲಿ ಶೇ 0.16 ಮಂದಿಗೆ ವಾಚಿನಿಂದ ಎಚ್ಚರಿಕೆ ಬಂತು. 65 ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ ಶೇ 3.1 ಮಂದಿಗೆ. ಎಚ್ಚರಿಕೆಯ ನಂತರ ಇಸಿಜಿ ಪಟ್ಟಿ ಧರಿಸಿ ಹಿಂದಿರುಗಿಸಿದ 450 ಜನರ ಪೈಕಿ ದೋಷ ಕಂಡದ್ದು ಶೇ 34 ಮಂದಿಯಲ್ಲಿ. ಬಂದು ಹೋಗುವ ದೋಷವಾದ್ದರಿಂದ ಉಳಿದವರ ಎಚ್ಚರಿಕೆಗಳನ್ನೆಲ್ಲ ಸುಳ್ಳೆನ್ನಲಾಗದು. ಅವನ್ನೇ ನೆಚ್ಚಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡಲೂ ಆಗದು. ಡೆನ್ಮಾರ್ಕಿನ ಲೂಪ್ ಅಧ್ಯಯನ (2021) ಇನ್ನೂ ಕಟುವಾದ ಪಾಠ ಕಲಿಸಿತು. 70ರಿಂದ 90 ವಯಸ್ಸಿನವರ ಎದೆಯ ಚರ್ಮದಡಿ ಸಾಧನವಿಟ್ಟು ನೋಡಿದಾಗ ದೋಷ ಸಿಕ್ಕಿದ್ದು ಶೇ 31.8 ಮಂದಿಯಲ್ಲಿ, ಸಾಮಾನ್ಯ ಆರೈಕೆಯಲ್ಲಿದ್ದವರಲ್ಲಿ ಶೇ 12.2. ಇಷ್ಟಾದರೂ ಪಾರ್ಶ್ವವಾಯು ಖಚಿತವಾಗಿ ಕಡಿಮೆಯಾಯಿತೆಂದು ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಕೆಲವೇ ನಿಮಿಷ ಕಾಣಿಸಿ ಮರೆಯಾಗುವ ದೋಷ, ಸದಾ ಇರುವ ದೋಷದಷ್ಟು ಅಪಾಯಕಾರಿಯಲ್ಲ ಎಂಬುದೇ ಇದರ ಸಂಭಾವ್ಯ ಕಾರಣ.

ಬೇಗ ತಿಳಿದರೆ ಬೇಗ ಔಷಧ ಕೊಡಬಹುದಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಹೀಗೆ ಸಾಧನದಿಂದ ಪತ್ತೆಯಾದವರಿಗೆ ಹೆಪ್ಪು ತಡೆಯುವ ಎಪಿಕ್ಸಾಬಾನ್ ಮಾತ್ರೆ ಕೊಟ್ಟ 2023ರ ಆರ್ಟೇಸಿಯಾ ಪ್ರಯೋಗದಲ್ಲಿ ಪಾರ್ಶ್ವವಾಯು ಮತ್ತಿತರ ರಕ್ತಹೆಪ್ಪಿನ ಘಟನೆಗಳು, ಆಸ್ಪಿರಿನ್ ಪಡೆದವರಿಗೆ ಹೋಲಿಸಿದರೆ, ಶೇ 37ರಷ್ಟು ಇಳಿದವು. ಆದರೆ ದೊಡ್ಡ ರಕ್ತಸ್ರಾವಗಳು ಹೆಚ್ಚಿದವು. ಆದ್ದರಿಂದ ವೈದ್ಯರು ಇಸಿಜಿಯಿಂದ ದೋಷವನ್ನು ಖಚಿತಪಡಿಸಿಕೊಂಡು, ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಪಾರ್ಶ್ವವಾಯುಗಳಿಗೆ ಅಂಕ ಕೊಟ್ಟು ತೀರ್ಮಾನಿಸುತ್ತಾರೆ. ಭಾರತದಲ್ಲಿ ಇನ್ನೊಂದು ಗುಂಪನ್ನು ಮರೆಯುವಂತಿಲ್ಲ: ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು, ಅವರಲ್ಲೂ ಎಳೆಯ ವಯಸ್ಸಿನ ಹೆಂಗಸರು. ಕವಾಟ ಸಾಕಷ್ಟು ಕಿರಿದಾಗಿದ್ದು ಲಯದೋಷ ಖಚಿತವಾದರೆ ಅಂಕ ಎಣಿಸುತ್ತ ಕೂರುವುದಿಲ್ಲ. ವಾರ್ಫರಿನ್‌ನಂಥ ಮಾತ್ರೆ ಶುರುವಾಗುತ್ತದೆ.